ನಕ್ಕವರಿಗೆ

ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರಿಗೂ ಓದಲು ಬರುವುದಿಲ್ಲವಂತೆ! ನಮ್ಮ ಸಂಘದ ಸಭೆಯಲ್ಲಿ ನಗು ಎದ್ದಿತು. ಶನಿವಾರ ಅಂಥದ್ದೊಂದು ಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ನಗು ಬರಲಿಲ್ಲ.

ಅಲ್ಲಿರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯ ಗಾರೆ ಕೆಲಸದವರ ಮಕ್ಕಳು. ಕಟ್ಟಡ ಮುಗಿದರೆ ಜೋಪಡಿ ಕೀಳಬೇಕು, ಶಾಲೆಯೂ ತಪ್ಪುತ್ತದೆ. ಇಂಥವರನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಿ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಸೇರಿಸಿದ್ದಾಯಿತು. ತರಬೇತಿ ಕೊಡುವವರು? ಇರುವ ಒಬ್ಬ ಟೀಚರು ಮೂರು ಕ್ಲಾಸು ಒಟ್ಟಿಗೆ ಕೂರಿಸಿಕೊಂಡಿದ್ದಾರೆ.

ನಕ್ಕವರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ನನ್ನ ಮಗಳೂ ಅಲ್ಲೇ, ಒಪ್ಪಿಕೊಳ್ಳುತ್ತೇನೆ. ರಾಜ್ಯೋತ್ಸವಕ್ಕೆ ಕುಣಿಯಲು ಮಾತ್ರ ನಮಗೆ ಆ ಮಕ್ಕಳು ಬೇಕು. ಈ ನವೆಂಬರಿಗೆ ನಾನು ಅವರನ್ನು ಕರೆತರುವುದಿಲ್ಲ. ಶಾಲು-ಹಾರದ ದುಡ್ಡಲ್ಲಿ ಮೊದಲು ಇನ್ನೊಬ್ಬ ಟೀಚರನ್ನು ಇಡೋಣ.