ಕರ್ನಲ್ ಕಟ್ಟೆ 7: ಕ್ರ್ಯಾಶ್ ಆದ ಸಾಲಿಗೆ ತೇಪೆ ಹಾಕ್ಬೇಡಿ

ಕನಕಪುರದಲ್ಲಿ ‘ರಿಜಿಸ್ಟ್ರೇಷನ್ ತಲೆನೋವು’ ಅಂದ್ರೆ ಸಾಕು, ಯಾವ ಸೈಟು ಅಂತ ಕೇಳ್ತಾರೆ. ನಂದು ಮೆಮೊರಿ ರಿಜಿಸ್ಟ್ರೇಷನ್ನು ಸ್ವಾಮಿ.

ಆರ್‌ಡಿಎಂಎ ನೆಟ್‌ವರ್ಕ್ ಕಾರ್ಡು ಸಿಪಿಯುನ ಕೇಳದೆ ನೇರ ಮೆಮೊರಿಗೆ ಬರೆಯುತ್ತೆ. ಅದಕ್ಕೆ ಮುಂಚೆ ಆ ಪುಟಗಳು ಕದಲದ ಹಾಗೆ ಪಿನ್ ಮಾಡಿ, ಕಾರ್ಡಿಗೆ ಒಂದು ಕೀ ಕೊಡಬೇಕು. ಬಿಡಿಸುವಾಗ ಮೊದಲು ಕೀ ರದ್ದು, ಆಮೇಲೆ ಪುಟ ಬಿಡುಗಡೆ. ಕೀ ರದ್ದು ಮಾಡೋ ಕಮಾಂಡ್ ಟೈಮ್‌ಔಟ್ ಆಯ್ತು, ಡ್ರೈವರ್ ತಲೆ ಕೆಡಿಸ್ಕೊಳ್ಳದೆ ಪುಟ ಬಿಟ್ಬಿಡ್ತು ಅನ್ಕೊಳ್ಳಿ. ಮನೆಗೆ ಹೊಸ ಬಾಡಿಗೆದಾರ ಬಂದ, ಬೀಗದ ಕೈ ಇನ್ನೂ ಹಳಬನ ಹತ್ರ! ಕಾರ್ಡು ಬರೀತಾನೇ ಇರುತ್ತೆ. ಸ್ವಲ್ಪ ಹೊತ್ತು ಬಿಟ್ಟು ಸಾಯೋದು ಪಾಪ ಫೈಲ್‌ಸಿಸ್ಟಮ್ಮು.

ನೀವು ಆ ಸತ್ತ ಸಾಲಿಗೆ ಒಂದು ನಲ್ ಚೆಕ್ ಹಾಕಿ ಟಿಕೆಟ್ ಮುಚ್ತೀರ. ನಾನೂ ಮುಚ್ಚಿದ್ದೀನಿ. ಇದ್ದ ಸಾಕ್ಷಿಯೂ ಹೋಯ್ತು ಅಷ್ಟೇ.

2015ರಲ್ಲಿ ಲಿನಕ್ಸ್ 4.0ಗೆ ಬಂದ ಕಸಾನ್ ಇದೆಯಲ್ಲ ಅಂತೀರಾ? ಅದು ಕಾಯೋದು ಸಿಪಿಯು ಓಡಿಸೋ ಕೋಡನ್ನ. ಕಾರ್ಡಿನ ಡಿಎಂಎ ಬರಹ ಅದರ ಕಣ್ಣಿಗೆ ಬೀಳಲ್ಲ. ಹಿಡಿಯಬಲ್ಲದ್ದು ಐಒಎಂಎಂಯು. ಅದನ್ನೇ ನಾವು ಸ್ಪೀಡಿನ ಆಸೆಗೆ ಪಾಸ್‌ಥ್ರೂ ಮಾಡಿ ಮಲಗಿಸಿರ್ತೀವಿ.

ಟೆಸ್ಟ್ ಮಷೀನಲ್ಲಾದ್ರೂ ಒಂದು ದಿನ ಪಾಸ್‌ಥ್ರೂ ತೆಗೆದು ಸ್ಟ್ರಿಕ್ಟ್ ಮೋಡಲ್ಲಿ ಓಡಿಸಿ. ನಿಧಾನ ಆಗುತ್ತೆ, ಆಗ್ಲಿ. ಮ್ಯಾಪಿಂಗ್ ತೆಗೆದ ವಿಳಾಸಕ್ಕೆ ಕಾರ್ಡು ಕೈ ಹಾಕಿದ ತಕ್ಷಣ ತಡೆದು, ಯಾವ ಕಾರ್ಡು, ಯಾವ ವಿಳಾಸ ಅಂತ ಲಾಗಲ್ಲಿ ಹಾಕುತ್ತೆ. ಆ ವಿಳಾಸ ಹಿಡ್ಕೊಂಡು ಡಿರಿಜಿಸ್ಟರ್ ಕೋಡಿನ ಎರರ್ ದಾರಿಗೆ ಹೋಗಿ.

ನಾನು ಮುಚ್ಚಿದ್ದ ಆ ಟಿಕೆಟ್ಟನ್ನ ಇವತ್ತು ಮತ್ತೆ ತೆರೆದಿದ್ದೀನಿ.