ನಮ್ಮೂರಿನ ಫ್ಯಾಂಟಸಿ ಯಾವ ಕಪಾಟಿನಲ್ಲಿದೆ?

ಪುಸ್ತಕದಂಗಡಿಗೆ ಹೋಗಿ, "ಕನ್ನಡದಲ್ಲಿ ದೊಡ್ಡವರು ಓದುವ ಫ್ಯಾಂಟಸಿ ಕಾದಂಬರಿ ಉಂಟಾ?" ಅಂತ ಒಮ್ಮೆ ಕೇಳಿ ನೋಡಿ. ಒಂದೋ ರಾಜಕುಮಾರಿ, ರಾಕ್ಷಸರ ಮಕ್ಕಳ ಪುಸ್ತಕ ಕೈಗೆ ಬರುತ್ತದೆ, ಇಲ್ಲವಾದರೆ ಅಂಗಡಿಯವರು ನಮ್ಮನ್ನೇ ಒಂಥರಾ ನೋಡುತ್ತಾರೆ. 'ಅಡಲ್ಟ್' ಅಂದ್ರೆ ಅದಲ್ಲ ಮಾರಾಯ್ರೆ!

ನಾವು ಹುಡುಕುತ್ತಿರುವುದು ಅರ್ಬನ್ ಫ್ಯಾಂಟಸಿ. ಅಂದರೆ ಇವತ್ತಿನ ಪೇಟೆ, ಇವತ್ತಿನ ಬಸ್ಸು, ಬಾಡಿಗೆ ಮನೆ, ಅದರ ನಡುವೆಯೇ ಕಣ್ಣಿಗೆ ಕಾಣದ ಇನ್ನೊಂದು ಲೋಕ. ಬೆನ್ ಆರೊನೊವಿಚ್ ಅವರ 'ರಿವರ್ಸ್ ಆಫ್ ಲಂಡನ್' (2011) ಕಾದಂಬರಿಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬ ಥೇಮ್ಸ್ ನದಿಯ ದೇವತೆಯ ಜೊತೆ ಸಂಧಾನಕ್ಕೆ ಹೋಗುತ್ತಾನೆ. ಇಂದ್ರ ದಾಸ್ ಅವರ 'ದಿ ಡಿವೋರರ್ಸ್' (2015) ಶುರುವಾಗುವುದು ಕೋಲ್ಕತ್ತಾದಲ್ಲಿ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ನಮಗೆ ಥೇಮ್ಸ್ ದೇವತೆಯ ಪರಿಚಯವಾಯಿತು. ಆದರೆ ಪಾಣೆಮಂಗಳೂರು ಸೇತುವೆ ಮೇಲೆ ಹೋಗುವಾಗ ಕೆಳಗೆ ಹರಿಯುವ ನೇತ್ರಾವತಿಗೆ ಅಂಥ ಒಂದು ಪಾತ್ರ ಕೊಟ್ಟ ಕಾದಂಬರಿ ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ.

ಕಥೆಗೆ ಬರ ಇದೆಯಾ ಅಂದ್ರೆ, ಇಲ್ಲವೇ ಇಲ್ಲ. ಕಲ್ಕುಡನ ಕಥೆ ನೋಡಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಅಂಥದ್ದೇ ಇನ್ನೊಂದನ್ನು ಕೆತ್ತಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಅವನು ಉಳಿದ ಒಂದೇ ಕೈಯಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟನನ್ನು ಕೆತ್ತಿದನಂತೆ. ಅಣ್ಣನಿಗಾದ ಅನ್ಯಾಯಕ್ಕೆ ಸಿಡಿದೆದ್ದ ತಂಗಿ ಕಲ್ಲುರ್ಟಿ ಮತ್ತು ಅವನು ಇಬ್ಬರೂ ದೈವಗಳಾದರು. ಇತಿಹಾಸದ ಪ್ರಕಾರ ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದ್ದು 1604ರದ್ದು. ನಡುವೆ 172 ವರ್ಷ! ಪಾಡ್ದನಕ್ಕೆ ಆ ಲೆಕ್ಕ ಬೇಕಾಗಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ದುಡಿದವನ ಕೈ ಕಡಿದವರಿಗೆ ಶಿಕ್ಷೆ ಏನು? ಇದು ಮಕ್ಕಳ ಕಥೆಯಾ?

"ದೈವ ಫ್ಯಾಂಟಸಿ ಅಲ್ಲ, ನಂಬಿಕೆ" ಅಂತ ಕೆಲವರು ಹೇಳಬಹುದು. ಮಾತು ಸರಿ. ಬಂಟ್ವಾಳದ ಪಣೋಲಿಬೈಲಿಗೆ ಅಗೆಲು ಸೇವೆಗೆ ಹೋಗುವ ಮನೆಗಳವರೇ ನಾವು. 'ಕಾಂತಾರ' (2022) ಬಂದ ಮೇಲೆ ವೇದಿಕೆ, ರೀಲ್ಸ್‌ಗಳಲ್ಲಿ ದೈವದ ವೇಷ ಹಾಕಿ ಕುಣಿದಾಗ ತುಳುನಾಡಿನ ಜನಕ್ಕೆ ಬೇಸರವಾದದ್ದೂ ಗೊತ್ತು. ಆದರೆ ಅನುಕರಣೆ ಬೇರೆ, ಸಾಹಿತ್ಯ ಬೇರೆ. ದೈವವನ್ನು ಹೀರೋನ ಆಯುಧ ಮಾಡಬೇಡಿ. ಅದರ ಎದುರು ನಿಂತ ಮನುಷ್ಯನನ್ನು ಬರೆಯಿರಿ. ಕೋಲ ಕಟ್ಟುವವನಿಗೆ ರಾತ್ರಿ ಎಲ್ಲರೂ ಕೈಮುಗಿಯುತ್ತಾರೆ, ಬೆಳಗಾದ ಮೇಲೆ ಅವನನ್ನು ಯಾವ ಜಗಲಿವರೆಗೆ ಬಿಡುತ್ತಾರೆ? ಈ ಪ್ರಶ್ನೆ ಕೇಳುವ ಕಾದಂಬರಿ ನಂಬಿಕೆಗೆ ಅವಮಾನ ಮಾಡುವುದಿಲ್ಲ.

ದಾರಿ ಈಗಾಗಲೇ ಇದೆ. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' (1968) ಓದಿ. ಹಳೆಯ ವಸ್ತು ಮುಟ್ಟಿದರೆ ಅಜ್ಜಿಗೆ ಅದರ ಗತಕಾಲ ಕಾಣುತ್ತದೆ. ಇಂಗ್ಲಿಷಿನಲ್ಲಿ ಬಂದಿದ್ದರೆ ಫ್ಯಾಂಟಸಿ ಕಪಾಟಿಗೇ ಹೋಗುತ್ತಿತ್ತೋ ಏನೋ! ಆ ಅಜ್ಜಿ ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡುತ್ತಾಳೆ. ದೊಡ್ಡವರ ಫ್ಯಾಂಟಸಿ ಅಂದ್ರೆ ಇದೇ. ರಕ್ತ, ಮಂಚ ಇದ್ದ ಮಾತ್ರಕ್ಕೆ ಕಥೆ ದೊಡ್ಡವರದ್ದಾಗುವುದಿಲ್ಲ, ಅಲ್ವಾ? ಮಂತ್ರ ಇದ್ದರೂ ಸಾಲ, ಜಾತಿ, ಜಾಗದ ತಕರಾರು ಮಾಯವಾಗಬಾರದು.

ಹಾಗಾಗಿ ಹುಡುಕುವವರಿಗೆ ನಮ್ಮ ಸಲಹೆ: 'ಫ್ಯಾಂಟಸಿ' ಅಂತ ಬರೆದ ಕಪಾಟನ್ನು ಕಾಯಬೇಡಿ. ಕಾದಂಬರಿ, ಜಾನಪದ, ನಾಟಕ ಎಲ್ಲ ಕಡೆ ಕೈಯಾಡಿಸಿ. ಮೂಕಜ್ಜಿ ಇರುವುದು ಹಳ್ಳಿಯಲ್ಲಿ. ಪೇಟೆಯ ಕಥೆ ಇನ್ನೂ ಬಾಕಿ ಇದೆ. ಬಿ.ಸಿ. ರೋಡಿನ ಫ್ಲೈಓವರ್ ಅಡಿಯಲ್ಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಹಿಂದಿನ ಓಣಿಯಲ್ಲಿ ನಡೆಯುವ ಕಥೆಯನ್ನು ಲಂಡನ್ನಿನವರು ಬಂದು ಬರೆಯುವುದಿಲ್ಲ. ಕನ್ನಡ ನಮಗೆ ಬರೀ ಮಾರ್ಕ್ಸಿನ ಭಾಷೆಯಾಗಿ ಉಳಿಯಬಾರದು ಅಂತಿದ್ದರೆ ನಾವೇ ಬರೆಯಬೇಕು. ಮುಂದಿನ ಸಂಚಿಕೆಗೆ ಒಂದೊಂದು ಕಥೆ ಕಳುಹಿಸಿ. ತಪ್ಪು ಕಾಗುಣಿತವನ್ನು ಆಮೇಲೆ ತಿದ್ದೋಣ.