ಜೊಳ್ಳಿನೊಡನೆ ಕಾಳು ಹಾರಬಾರದು

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹಿಂದೆ ಕಡಲೆಯ ರಾಶಿ ನಡೆಯುವಾಗ ಕಣದಲ್ಲಿ ನಿಂತು ನೋಡಿದವರಿಗೆ ಒಂದು ಸಂಗತಿಯು ಚೆನ್ನಾಗಿ ಗೊತ್ತಿರುತ್ತದೆ. ತೂರುವಾಗ ಗಾಳಿಯು ಮಂದವಾಗಿದ್ದರೆ ಹೊಟ್ಟು ಕಾಳಿನೊಡನೆಯೇ ಕೆಳಗೆ ಬೀಳುತ್ತದೆ. ಬಿರುಸಾಗಿದ್ದರೆ ಹೊಟ್ಟಿನೊಡನೆ ಸಣ್ಣ ಕಾಳೂ ದೂರ ಹಾರಿಹೋಗುತ್ತದೆ. ಆದುದರಿಂದಲೇ ಅನುಭವಿಯಾದ ಒಕ್ಕಲಿಗನು ಕಾಳಿನ ರಾಶಿಯನ್ನು ಕಂಡು ಹಿಗ್ಗಿ ಸುಮ್ಮನಾಗದೆ, ಹೊಟ್ಟಿನ ಗುಂಪೆಯಲ್ಲಿಯೂ ಒಮ್ಮೆ ಕೈಯಾಡಿಸಿ ನೋಡುತ್ತಿದ್ದನು. ಇಂದು ರಾಶಿಯ ಕೆಲಸವನ್ನು ಬಹುಮಟ್ಟಿಗೆ ಯಂತ್ರವೇ ಮಾಡುತ್ತದೆ. ಆದರೆ ಅದೇ ಸಮಸ್ಯೆಯು ಬೇರೊಂದು ರೂಪದಲ್ಲಿ ನಮ್ಮ ಕಚೇರಿಗಳಿಗೂ ಕಾಲೇಜುಗಳಿಗೂ ಬಂದಿದೆ. ಇ-ಮೇಲ್ ಸರ್ವರಿಗೆ ಬರುವ ಪತ್ರಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸುವ ತಂತ್ರಾಂಶವನ್ನು, ಎಂದರೆ ಸ್ಪ್ಯಾಮ್ ಶೋಧಕವನ್ನು, ಆರಿಸುವುದು ಹೇಗೆ? ಈ ಪ್ರಶ್ನೆಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಮಿತ್ರರ ಮುಂದಿಡಬಯಸುತ್ತೇವೆ.

ಕೇಳದೆ ಬರುವ ಪತ್ರಗಳ ಪೀಡೆಯು ಹೊಸತಲ್ಲ. 1978ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯ ಗ್ಯಾರಿ ಥೂರ್ಕ್ ಎಂಬವರು, ಇಂದಿನ ಇಂಟರ್ನೆಟ್ಟಿಗೆ ಪೂರ್ವಜವಾದ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ತಮ್ಮ ಗಣಕಗಳ ಜಾಹೀರಾತನ್ನು ಒಂದೇ ಸಲಕ್ಕೆ ಕಳುಹಿಸಿದರು. ಈ ಜಾತಿಯ ಮೊದಲನೆಯ ಪತ್ರವು ಅದೇ ಎಂದು ಹೇಳುವುದು ರೂಢಿಯಾಗಿದೆ. ಇಂದು ಜಗತ್ತಿನಲ್ಲಿ ಓಡಾಡುವ ಇ-ಮೇಲುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಥವೇ ಆಗಿವೆ. ಇದರ ಕಾರಣವು ಸರಳವಾದುದು. ಅಂಚೆಯ ಕಾರ್ಡಿಗೆ ಕಳುಹಿಸುವವನು ಕಾಸು ತೆರಬೇಕು. ಇಲ್ಲಿಯಾದರೋ ಲಕ್ಷ ಪತ್ರ ಕಳುಹಿಸುವವನಿಗೂ ತಗಲುವ ವೆಚ್ಚವು ಅತ್ಯಲ್ಪ, ಭಾರವೆಲ್ಲವೂ ಪಡೆಯುವವನ ಮೇಲೆ.

ನಾವು ಪಾಠ ಹೇಳುವ ಕಾಲೇಜು ಸಣ್ಣದು. ಅದರ ಇ-ಮೇಲ್ ವ್ಯವಸ್ಥೆಯು ಬಾಡಿಗೆಯ ಸರ್ವರೊಂದರಲ್ಲಿ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಲಾಟರಿ, ಸಾಲ, ಔಷಧಗಳ ಪತ್ರಗಳು ವಿಪರೀತವಾದಾಗ ಅಧ್ಯಾಪಕರೆಲ್ಲರೂ ಸಭೆ ಸೇರಿದೆವು. ಎಲ್ಲಕ್ಕಿಂತ ಹೆಚ್ಚು ಕಸವನ್ನು ತಡೆಯುವ ಶೋಧಕವನ್ನೇ ತರತಕ್ಕದ್ದೆಂದು ನಿರ್ಣಯವಾಯಿತು, ನಾವೂ ಕೈಯೆತ್ತಿದೆವು. ಪೆಟ್ಟಿಗೆಗಳು ಸ್ವಚ್ಛವಾದುವು, ಎಲ್ಲರಿಗೂ ಸಂತೋಷವಾಯಿತು.

ಮುಂದಿನ ಬೇಸಿಗೆಯಲ್ಲಿ ನಮ್ಮ ಬಿ.ಎಸ್‌ಸಿ. ತರಗತಿಯ ಒಬ್ಬ ವಿದ್ಯಾರ್ಥಿನಿಯು, ಒಕ್ಕಲುತನದ ಮನೆಯವಳು, ಸಂಶೋಧನಾ ಸಂಸ್ಥೆಯೊಂದರಲ್ಲಿ ಎರಡು ತಿಂಗಳ ತರಬೇತಿಗೆ ಅರ್ಜಿ ಹಾಕಿದ್ದಳು. ಉತ್ತರವು ಭದ್ರವಾಗಿ ತಲುಪಲೆಂದು ವಿಭಾಗದ ವಿಳಾಸವನ್ನು ಕೊಡುವಂತೆ ಹೇಳಿದವರು ನಾವೇ. ಆಕೆ ಎರಡು ಸಲ ಬಂದು ಕೇಳಿದಳು. "ಇನ್ನೂ ಬಂದಿಲ್ಲವ್ವಾ" ಎಂದು ಎರಡು ಸಲವೂ ಹೇಳಿ ಕಳುಹಿಸಿದೆವು. ಪತ್ರವು ಬಂದಿತ್ತು. ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ಭತ್ಯೆ ಕೊಡಲಾಗುವುದು, ಹತ್ತು ದಿನದೊಳಗೆ ಉತ್ತರಿಸಿರಿ ಎಂದು ಅದರಲ್ಲಿ ಬರೆದಿತ್ತು. ಲಾಟರಿಯ ವಂಚಕರು ಬಳಸುವ ಮಾತುಗಳೂ ಇವೇ ಅಲ್ಲವೇ? ಯಾರೂ ತೆರೆದು ನೋಡದ ಕಸದ ಕಡತದಲ್ಲಿ ಅದು ನಮಗೆ ಸಿಕ್ಕಿದ್ದು ಹದಿನಾರನೆಯ ದಿನ. ಅಷ್ಟರಲ್ಲಿ ಆ ಸ್ಥಾನವು ಬೇರೊಬ್ಬರ ಪಾಲಾಗಿತ್ತು. ಯಾವ ಕಾರಣದಿಂದ ಅದನ್ನು ಕಸವೆಂದು ಎಣಿಸಲಾಯಿತೆಂಬುದನ್ನು ಆ ತಂತ್ರಾಂಶವು ಎಲ್ಲಿಯೂ ಬರೆದಿರಲಿಲ್ಲ. ತಪ್ಪು ತಂತ್ರಾಂಶದ್ದಷ್ಟೇ ಅಲ್ಲ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಅದನ್ನು ಆರಿಸಿದ ನಮ್ಮದೂ ಅಹುದು.

ಶೋಧಕವು ಕೆಲಸ ಮಾಡುವ ಬಗೆಯನ್ನು ತಿಳಿದರೆ ಆ ಪ್ರಶ್ನೆಯು ತಾನಾಗಿಯೇ ಹೊಳೆಯುತ್ತದೆ. ಜಸ್ಟಿನ್ ಮೇಸನ್ ಎಂಬವರು 2001ರಲ್ಲಿ ಹೊರತಂದ, ಈಗ ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿರುವ ಸ್ಪ್ಯಾಮ್‌ಅಸಾಸಿನ್ ಎಂಬ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದಕ್ಕೆ ಬೆಲೆಯಿಲ್ಲ. ಪತ್ರದಲ್ಲಿ ಕಾಣುವ ಒಂದೊಂದು ಲಕ್ಷಣಕ್ಕೂ ಅದು ಇಂತಿಷ್ಟು ಅಂಕವೆಂದು ಕೊಡುತ್ತದೆ. ಒಳ್ಳೆಯ ಲಕ್ಷಣಗಳಿಗೆ ಅಂಕವನ್ನು ಕಳೆಯುತ್ತದೆ. ಮೊತ್ತವು 5ನ್ನು ಮುಟ್ಟಿದರೆ ಪತ್ರವು ಕಸವೆಂದು ಗುರುತಾಗುತ್ತದೆ. ಈ ಮಿತಿಯನ್ನು ಏರಿಸುವುದೂ ಇಳಿಸುವುದೂ ನಮ್ಮ ಕೈಯಲ್ಲಿದೆ.

ಇದರೊಡನೆ ಅನುಭವದಿಂದ ಕಲಿಯುವ ಭಾಗವೊಂದುಂಟು. ಇದರ ಮೂಲವು ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಗಣಿತದಲ್ಲಿದೆ. ಆತನ ಪ್ರಬಂಧವು ಆತನ ಮರಣಾನಂತರ, 1763ರಲ್ಲಿ, ಪ್ರಕಟವಾಯಿತು. ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. 1000 ಜೊಳ್ಳು ಪತ್ರಗಳಲ್ಲಿ 200ರಲ್ಲಿಯೂ 1000 ಒಳ್ಳೆಯ ಪತ್ರಗಳಲ್ಲಿ ಕೇವಲ 5ರಲ್ಲಿಯೂ 'ಬಹುಮಾನ' ಎಂಬ ಮಾತು ಬಂದಿದೆಯೆನ್ನಿರಿ. ಎರಡು ಬಗೆಯ ಪತ್ರಗಳೂ ಸಮಸಂಖ್ಯೆಯಲ್ಲಿ ಬರುತ್ತಿದ್ದರೆ, ಆ ಮಾತುಳ್ಳ ಹೊಸ ಪತ್ರವು ಜೊಳ್ಳಾಗಿರುವ ಸಂಭವವು 205ರಲ್ಲಿ 200, ಎಂದರೆ ನೂರಕ್ಕೆ ಸುಮಾರು 98. ಆದರೆ ಪ್ರಬಂಧ ಸ್ಪರ್ಧೆ, ವಿಜ್ಞಾನ ಪ್ರದರ್ಶನಗಳ ಪತ್ರಗಳು ಬರುವ ಕಾಲೇಜಿನಲ್ಲಿ ಆ ಮಾತು 1000 ಒಳ್ಳೆಯ ಪತ್ರಗಳ ಪೈಕಿ 40ರಲ್ಲಿ ಇರಬಹುದು. ಆಗ ಸಂಭವವು 240ರಲ್ಲಿ 200, ನೂರಕ್ಕೆ ಸುಮಾರು 83. ಮಾತು ಅದೇ, ಸ್ಥಳವು ಬೇರೆಯಾದ ಮಾತ್ರಕ್ಕೆ ಅದರ ತೂಕವು ಬದಲಾಯಿತು. ಶೋಧಕವು ಇಂಥ ಹಲವು ಮಾತುಗಳ ತೂಕವನ್ನು ಕೂಡಿಸಿ ತೀರ್ಮಾನಕ್ಕೆ ಬರುತ್ತದೆ. ಆದುದರಿಂದ ಬೇರೆಯವರ ಪತ್ರಗಳಿಂದ ಕಲಿತು ಬಂದ ಶೋಧಕವನ್ನು ನಮ್ಮ ಪತ್ರಗಳಿಂದ ಪುನಃ ಕಲಿಸದೆ ನಂಬಬಾರದು. ಮೇಲೆ ಹೇಳಿದ ತಂತ್ರಾಂಶವಂತೂ ಎರಡು ಬಗೆಯ ಪತ್ರಗಳನ್ನೂ ತಲಾ 200ರಂತೆ ಕಲಿಯುವವರೆಗೆ ಈ ಭಾಗವನ್ನು ಬಳಕೆಗೆ ತರುವುದೇ ಇಲ್ಲ.

ಇನ್ನು ಮಿತಿಯ ವಿಚಾರ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರದೆಯ ಮುಂದೆ ಕುಳಿತವನ ಕಷ್ಟವೂ ಇದೇ ಆಗಿತ್ತು. ಪ್ರತಿಯೊಂದು ಮಿನುಗನ್ನೂ ವಿಮಾನವೆಂದರೆ ಹಕ್ಕಿಯ ಹಿಂಡಿಗೂ ಎಚ್ಚರಿಕೆಯ ಗಂಟೆ ಬಾರಿಸಬೇಕಾಗುತ್ತದೆ. ದೊಡ್ಡ ಮಿನುಗನ್ನು ಮಾತ್ರ ನಂಬಿದರೆ ನಿಜವಾದ ವಿಮಾನವು ತಪ್ಪಿಸಿಕೊಳ್ಳುತ್ತದೆ. ಎರಡು ಬಗೆಯ ತಪ್ಪುಗಳಲ್ಲಿ ಒಂದನ್ನು ಒತ್ತಿದರೆ ಇನ್ನೊಂದು ಮೇಲೇಳುತ್ತದೆ. ಆದುದರಿಂದ 'ಎಷ್ಟು ಕಸವನ್ನು ತಡೆಯುತ್ತದೆ?' ಎಂಬುದು ಅರ್ಧ ಪ್ರಶ್ನೆಯಷ್ಟೇ. 'ಎಷ್ಟು ಕಾಳನ್ನು ಹಾರಿಸುತ್ತದೆ?' ಎಂಬುದು ಅದರ ಉಳಿದರ್ಧ.

ತಿಂಗಳಿಗೆ 1000 ಪತ್ರಗಳು, ಅವುಗಳಲ್ಲಿ 500 ಕಸದವು, ಬರುವ ಕಚೇರಿಯೊಂದನ್ನು ಭಾವಿಸೋಣ. ಮೊದಲನೆಯ ಶೋಧಕವು ನೂರಕ್ಕೆ 99ರಷ್ಟು ಕಸವನ್ನು ತಡೆಯುತ್ತದೆ, ಆದರೆ ಒಳ್ಳೆಯ ಪತ್ರಗಳಲ್ಲಿಯೂ ನೂರಕ್ಕೆ 2ನ್ನು ಕಸಕ್ಕೆ ಹಾಕುತ್ತದೆ. ಎರಡನೆಯದು ನೂರಕ್ಕೆ 95ರಷ್ಟನ್ನೇ ತಡೆಯುತ್ತದೆ, ಒಳ್ಳೆಯ ಪತ್ರಗಳಲ್ಲಿ 500ಕ್ಕೆ ಒಂದನ್ನು ಮಾತ್ರ ತಪ್ಪಾಗಿ ಎಣಿಸುತ್ತದೆ. ಮೊದಲನೆಯದರ ತಪ್ಪುಗಳು 5 ಮತ್ತು 10, ಒಟ್ಟು 15. ಎರಡನೆಯದರವು 25 ಮತ್ತು 1, ಒಟ್ಟು 26. ಜಾಹೀರಾತಿನ ಲೆಕ್ಕದಲ್ಲಿ ಮೊದಲನೆಯದೇ ಗೆಲ್ಲುತ್ತದೆ. ಆದರೆ ಕಸದ ಪತ್ರವೊಂದನ್ನು ಗುರುತಿಸಿ ಅಳಿಸಲು ಐದು ಸೆಕೆಂಡು ಸಾಕು. ಎರಡನೆಯದನ್ನು ಆರಿಸಿದವರು ತಿಂಗಳಿಗೆ 20 ಕಸದ ಪತ್ರಗಳನ್ನು, ಎಂದರೆ 100 ಸೆಕೆಂಡುಗಳನ್ನು, ಹೆಚ್ಚಾಗಿ ಕೊಟ್ಟು 9 ಒಳ್ಳೆಯ ಪತ್ರಗಳನ್ನು ಉಳಿಸಿಕೊಳ್ಳುತ್ತಾರೆ. ಆ ಒಂಬತ್ತರಲ್ಲಿ ಒಂದು ನಮ್ಮ ವಿದ್ಯಾರ್ಥಿನಿಯದಾಗಿರಬಹುದು. ಇದು ದುಬಾರಿಯೆಂದು ಯಾರು ತಾನೇ ಹೇಳಿಯಾರು?

ಇದಕ್ಕೊಂದು ಆಕ್ಷೇಪವು ಬರುವುದು ಸಹಜ. ನುಸುಳಿದ ಪತ್ರವು ಬರಿಯ ಜಾಹೀರಾತಾಗಿರದೆ ಬ್ಯಾಂಕಿನ ಸೋಗಿನಲ್ಲಿ ಬಂದು ಕಚೇರಿಯ ಹಣವನ್ನೇ ಲಪಟಾಯಿಸುವಂಥದಾದರೆ? ಈ ಆಕ್ಷೇಪದಲ್ಲಿ ತಥ್ಯವಿದೆ. ಆದರೆ ಇಂಥ ಮೋಸಕ್ಕೆ ಔಷಧವು ಮಿತಿಯನ್ನು ಸಾರಾಸಗಟಾಗಿ ಇಳಿಸುವುದಲ್ಲ. ಕಳುಹಿಸಿದ ಸರ್ವರಿಗೆ ಆ ಹೆಸರಿನಲ್ಲಿ ಕಳುಹಿಸುವ ಅಧಿಕಾರವಿದೆಯೇ ಎಂದು ನೋಡುವ ಎಸ್‌ಪಿಎಫ್, ಪತ್ರದ ಮೇಲಿನ ಗಣಕ ರುಜುವನ್ನು ಪರೀಕ್ಷಿಸುವ ಡಿಕಿಮ್, ಇವೆರಡರ ಫಲವನ್ನು ನೋಡಿ ಏನು ಮಾಡಬೇಕೆಂದು ವಿಧಿಸುವ ಡಿಮಾರ್ಕ್ ಎಂಬ ಮೂರು ಏರ್ಪಾಡುಗಳಿವೆ. ಬಹುಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಗೂಗಲ್, ಯಾಹೂ ಸಂಸ್ಥೆಗಳು ಇವನ್ನು 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿವೆ. ಈ ಪರೀಕ್ಷೆಯಲ್ಲಿ ಸೋತ ಸೋಗಿನ ಪತ್ರವನ್ನು ಬಾಗಿಲಿನಿಂದಲೇ ಹಿಂದಿರುಗಿಸಬಹುದು. ಹಾಗೆ ಹಿಂದಿರುಗಿಸಿದರೆ, ಪತ್ರವು ಒಂದು ವೇಳೆ ನಿಜವಾದುದಾಗಿದ್ದಲ್ಲಿ, ಅದು ತಲುಪಲಿಲ್ಲವೆಂಬ ಸುದ್ದಿಯಾದರೂ ಕಳುಹಿಸಿದವರಿಗೆ ಮುಟ್ಟುತ್ತದೆ. ಸದ್ದಿಲ್ಲದೆ ನುಂಗುವುದೊಂದೇ ಅಕ್ಷಮ್ಯ. ಇಷ್ಟಾದರೂ ಹಣ ಕೇಳುವ ಪತ್ರ ಬಂದಾಗ ದೂರವಾಣಿಯಲ್ಲಿ ವಿಚಾರಿಸದೆ ಕೊಡಬಾರದೆಂಬ ನಿಯಮವು ಇರಲೇಬೇಕು.

ನಮ್ಮ ನಾಡಿನ ಕಚೇರಿಗಳಿಗೆ ವಿಶೇಷವಾದ ಇನ್ನೊಂದು ಸಂಗತಿಯಿದೆ. ಕೆಲವು ಶೋಧಕಗಳಲ್ಲಿ ಯಾವ ಭಾಷೆಯ ಪತ್ರಗಳು ಬೇಕೆಂದು ಸೂಚಿಸುವ ಸೌಲಭ್ಯವಿರುತ್ತದೆ. ಇಂಗ್ಲಿಷೊಂದನ್ನೇ ಗುರುತುಮಾಡಿ ಬಿಟ್ಟರೆ ಕನ್ನಡದಲ್ಲಿ ಬರೆದ ಪಾಲಕನು ಅಪರಾಧಿಯಾಗುತ್ತಾನೆ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪತ್ರದ ಪಾಡು ಇನ್ನೂ ಕಷ್ಟ. ಅಲ್ಲಿ 'ಕನ್ನಡ' ಎಂಬ ಮೂರಕ್ಷರವು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ, ಯಂತ್ರಕ್ಕೆ ಅದು ರೋಮನ್ ಅಕ್ಷರಗಳು, ಬ್ರಿಟನ್ನಿನ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ ಇವುಗಳ ಅರ್ಥಹೀನ ಮಿಶ್ರಣ. ಶೋಧಕದ ಕಣ್ಣು ತಪ್ಪಿಸಲೆಂದೇ ವಂಚಕರು ಇಂಥ ಅರ್ಥಹೀನ ಮಿಶ್ರಣಗಳನ್ನು ಬರೆಯುವುದುಂಟು. ಯೂನಿಕೋಡಿನಲ್ಲಿ ಬರೆಯುವುದು ಇದಕ್ಕೆ ನಿಜವಾದ ಪರಿಹಾರ. ಅಲ್ಲಿಯವರೆಗೆ ಈ ಬಗೆಯ ಪತ್ರಗಳನ್ನೂ ಸೇರಿಸಿ ಶೋಧಕವನ್ನು ಪರೀಕ್ಷಿಸಬೇಕು.

ಆದುದರಿಂದ ಕುಂದಗೋಳದ ಸಹಕಾರ ಸಂಘವಿರಲಿ, ಕಲಘಟಗಿಯ ಹೈಸ್ಕೂಲಿರಲಿ, ಶೋಧಕವನ್ನು ಆರಿಸುವವರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಮತ. ತಾನು ತಡೆದ ಪತ್ರಕ್ಕೆ ಅದು ಕಾರಣವನ್ನು ತೋರಿಸುತ್ತದೆಯೇ? ತಡೆದುದನ್ನು ನಾವು ನೋಡಬಹುದಾದ ಸ್ಥಳದಲ್ಲಿ ಇಡುತ್ತದೆಯೇ? ನಮ್ಮ ಪತ್ರಗಳಿಂದ, ನಮ್ಮ ಭಾಷೆಯಲ್ಲಿ, ಕಲಿಯುತ್ತದೆಯೇ? ಒಂದು ತಿಂಗಳ ಮಟ್ಟಿಗೆ ಏನನ್ನೂ ತಡೆಯದೆ ಗುರುತನ್ನಷ್ಟೇ ಹಾಕುವಂತೆ ಅದನ್ನು ಇರಿಸಲು ಸಾಧ್ಯವೇ? ಪ್ರಯೋಗಶಾಲೆಯಲ್ಲಿ ಉಪಕರಣದ ಶೂನ್ಯದೋಷವನ್ನು ಕಂಡುಕೊಳ್ಳದೆ ಅಳತೆ ತೆಗೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಆ ಕಟ್ಟಳೆಯು ಕಚೇರಿಗೂ ಸಲ್ಲುತ್ತದೆ. ಸ್ಪ್ಯಾಮ್‌ಅಸಾಸಿನ್, ಆರ್‌ಸ್ಪ್ಯಾಮ್‌ಡಿ ಮೊದಲಾದ ಉಚಿತ ತಂತ್ರಾಂಶಗಳನ್ನೇ ಸರಿಯಾಗಿ ಹೊಂದಿಸಿದರೆ ಈ ನಾಲ್ಕಕ್ಕೂ ಒಪ್ಪುವ ಉತ್ತರ ದೊರೆಯುತ್ತದೆ. ಹಣ ಕೊಟ್ಟು ತರುವುದಾದರೂ ಈ ಪ್ರಶ್ನೆಗಳನ್ನು ಬಿಡತಕ್ಕದ್ದಲ್ಲ.

ನಮ್ಮ ಕಾಲೇಜಿನಲ್ಲಿ ಈಗ ಅಧ್ಯಾಪಕರೊಬ್ಬರು ಪ್ರತಿದಿನವೂ ಹತ್ತು ನಿಮಿಷ ಕಸದ ಕಡತವನ್ನು ತೆರೆದು ನೋಡುತ್ತಾರೆ. ಸರದಿಯು ವಾರಕ್ಕೊಮ್ಮೆ ಬದಲಾಗುತ್ತದೆ. ಹೆಚ್ಚಿನ ದಿನಗಳಲ್ಲಿ ಅಲ್ಲಿ ಏನೂ ಸಿಕ್ಕುವುದಿಲ್ಲ. ಸಿಕ್ಕಿದ ದಿನ ಹತ್ತು ನಿಮಿಷಗಳ ಬೆಲೆಯು ಎಲ್ಲರಿಗೂ ತಿಳಿಯುತ್ತದೆ. ಆ ವಿದ್ಯಾರ್ಥಿನಿಗೆ ಅವಳ ಬೇಸಿಗೆಯನ್ನು ಮರಳಿ ಕೊಡುವುದು ಯಾವ ತಂತ್ರಾಂಶದಿಂದಲೂ ಆಗದು. ಅವಳ ತಂದೆಯಾದರೋ ಹೊಟ್ಟಿನ ಗುಂಪೆಯಲ್ಲಿ ಕೈಯಾಡಿಸದೆ ಕಣವನ್ನು ಬಿಟ್ಟು ಏಳುವವರಲ್ಲ. ಅಷ್ಟು ಎಚ್ಚರವನ್ನು ವಿಜ್ಞಾನ ಕಲಿಸುವ ನಾವೂ ಇಟ್ಟುಕೊಳ್ಳಬೇಕಾಗಿತ್ತು.